ಉಸಿರುಕಿಂಡಿ

ಸತ್ತವರಿಗೆ ಕೂದಲು ನೆಡುವುದು ನನ್ನ ಕೆಲಸ. ಹೀಗೆ ಹೇಳಿದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಅದಕ್ಕೆಂದೇ ಹೀಗೆ ಹೇಳುತ್ತೇನೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ ಹಿಂದೆ ಸರಿದವರೇ. ಆದರೆ ಅವರು ಸರಿದದ್ದು ಬೇರೆ ಕಾರಣಕ್ಕೆ, ಆ ಮಾತಿಗೆ ಆಮೇಲೆ ಬರುತ್ತೇನೆ.

ಸಿನಿಮಾದಲ್ಲಿ ಉರುಳುವ ತಲೆ, ನೀರಿನಲ್ಲಿ ತೇಲುವ ಹೆಣ, ಗೋಡೆಯೊಳಗಿಂದ ಚಾಚುವ ಕೈ, ಇವೆಲ್ಲ ನಮ್ಮ ಭಾವನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಭಾವ ಎಂದರೆ ನನ್ನ ಅಕ್ಕನ ಗಂಡ. ಅವನು ನಟರ ಮುಖದ ಅಚ್ಚು ತೆಗೆದು, ಸಿಲಿಕೋನ್ ಸುರಿದು, ಚರ್ಮದ ಬಣ್ಣ ಹಚ್ಚಿ ನನ್ನ ಮೇಜಿಗೆ ಕಳಿಸುತ್ತಿದ್ದ. ನಾನು ಸೂಜಿ ಹಿಡಿದು ಹುಬ್ಬು, ರೆಪ್ಪೆ, ತಲೆಗೂದಲನ್ನು ಒಂದೊಂದೇ ಎಳೆಯಾಗಿ ಚುಚ್ಚಿ ನಿಲ್ಲಿಸುತ್ತಿದ್ದೆ. ಸಿಲಿಕೋನಿಗೆ ಧೂಳೆಂದರೆ ಕೆಲವು ಅಳಿಯಂದಿರಿಗೆ ಮಾವನ ಮನೆ ಇದ್ದ ಹಾಗೆ, ಅಂಟಿಕೊಂಡರೆ ಬಿಡುವುದಿಲ್ಲ. ಆದ್ದರಿಂದ ಇಡೀ ಮುಖಕ್ಕೆ ತೆಳು ಬಟ್ಟೆ ಹೊದೆಸಿಟ್ಟು, ಕೆಲಸ ನಡೆಯುವ ಬೆರಳಗಲದ ಜಾಗವನ್ನು ಮಾತ್ರ ತೆರೆದುಕೊಳ್ಳಬೇಕು. ಎಷ್ಟೋ ಸಲ ನಾನು ಯಾರಿಗೆ ಹುಬ್ಬು ನೆಡುತ್ತಿದ್ದೇನೆಂದು ಕೆಲಸ ಮುಗಿಯುವವರೆಗೂ ನನಗೆ ತಿಳಿಯುತ್ತಿರಲಿಲ್ಲ.

ಅಚ್ಚು ತೆಗೆಯುವ ಬಗೆಯನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆಳನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಬಾಯಿ ಮುಚ್ಚಿಸಿ, ಮುಖಕ್ಕೆಲ್ಲ ದೋಸೆಹಿಟ್ಟಿಗಿಂತ ಗಟ್ಟಿಯಾದ ತಣ್ಣನೆಯ ಲೇಪ ಮೆತ್ತುತ್ತೇವೆ. ಅದರ ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಬಟ್ಟೆ. ಮೂಗಿನ ಹೊಳ್ಳೆಗಳ ಹತ್ತಿರ ಮಾತ್ರ ಎರಡು ತೂತು ಬಿಡುತ್ತೇವೆ. ಅದಕ್ಕೆ ನಮ್ಮಲ್ಲಿ ಉಸಿರುಕಿಂಡಿ ಎನ್ನುತ್ತಿದ್ದರು. ಒಬ್ಬರು ಲೇಪ ಮೆತ್ತಿದರೆ ಇನ್ನೊಬ್ಬರಿಗೆ ಬೇರೆ ಕೆಲಸವೇ ಇಲ್ಲ, ಆ ಕಿಂಡಿ ಕಾಯುವುದು. ಒಳಗಿರುವವರಿಗೆ ಕಣ್ಣು ಕಾಣುವುದಿಲ್ಲ, ಮಾತಾಡಲಾಗುವುದಿಲ್ಲ. ಎದೆಯವರೆಗಿನ ಅಚ್ಚಾದರೆ ಕೈಗಳೂ ಪ್ಲಾಸ್ಟರಿನೊಳಗೇ. ಹಾಗಾಗಿ ಕಾಲ ಕೆಳಗೊಂದು ಹಲಗೆ. ಏನೇ ತೊಂದರೆಯಾದರೂ ಹಿಮ್ಮಡಿಯಿಂದ ಅದನ್ನು ಬಡಿಯಬೇಕು. ಬಡಿತ ಕೇಳಿದರೆ ಸಾಕ್ಷಾತ್ ದೇವರೇ ಅಡ್ಡ ಬಂದರೂ ಅಚ್ಚು ಕಿತ್ತೆಸೆಯಬೇಕೆಂಬುದು ಭಾವ ಕೆಲಸಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದ ಮೊದಲ ಪಾಠ.

ಅಚ್ಚಿನಲ್ಲಿ ಉಳಿದ ಆ ಎರಡು ತೂತುಗಳನ್ನು ಆಮೇಲೆ ಜೇಡಿಮಣ್ಣಿನಿಂದ ಮುಚ್ಚಿ, ಹೊಳ್ಳೆಗಳನ್ನು ಕೈಯಿಂದಲೇ ತಿದ್ದುತ್ತಾರೆ. ಭಾವನಿಗೆ ಇದೊಂದು ಬರುತ್ತಿರಲಿಲ್ಲ. ಹೆಂಗಸಾಗಲಿ ಗಂಡಸಾಗಲಿ, ಅವನು ಮಾಡಿದ ಹೆಣಗಳಿಗೆಲ್ಲ ಬಟಾಣಿ ಹಿಡಿಸುವಂಥ ದುಂಡನೆಯ ಹೊಳ್ಳೆ. ಅಕ್ಕ ಅದನ್ನು ನೋಡಿ ಬಿದ್ದೂ ಬಿದ್ದೂ ನಗುತ್ತಿದ್ದಳು.

ಅಕ್ಕನಿಗೆ ನಗುವುದಕ್ಕೆ ಕಾರಣ ಬೇಕಿರಲಿಲ್ಲ. ಹೊಸ ಲೇಪ ಬಂದಾಗಲೆಲ್ಲ ಪ್ರಯೋಗಕ್ಕೆ ಅವಳೇ ಕುರ್ಚಿ ಹತ್ತುತ್ತಿದ್ದಳು. ಮುಖ ಮುಚ್ಚಿ ಸ್ವಲ್ಪ ಹೊತ್ತಾಗುವುದರೊಳಗೆ ಹಲಗೆ ಧಡಧಡ ಬಡಿಯುವಳು. ಭಾವ ಗಾಬರಿಯಿಂದ ಅಚ್ಚು ಕಿತ್ತರೆ ಒಳಗೆ ಇವಳು ಹಲ್ಲು ಕಿರಿದುಕೊಂಡು ಕೂತಿರುವಳು. “ಮುಖ ನೋಡ್ಕೊಳ್ಳಿ ಕನ್ನಡೀಲಿ, ನಿಮ್ಮದೇ ಅಚ್ಚು ತೆಗೀಬೇಕು ಈಗ,” ಎನ್ನುವಳು. ಮೊದಮೊದಲು ಅವನೂ ನಗುತ್ತಿದ್ದ. ಲೇಪ ಹಾಳಾಗಿ, ಕೆಲಸ ತಡವಾಗಿ ಬೈಸಿಕೊಂಡ ಮೇಲೆ ನಗುವುದನ್ನು ಬಿಟ್ಟ. ಇವಳು ಬಡಿಯುವುದನ್ನು ಬಿಡಲಿಲ್ಲ.

ಒಂದು ದಿನ ಅಕ್ಕ ಇಲ್ಲವಾದಳು. ಅದೇ ದಿನ ಕಾರ್ಖಾನೆಯಲ್ಲಿ ಕಿಂಡಿ ಕಾಯುತ್ತಿದ್ದ ಕೆಲಸದವನೂ ಹೇಳದೆ ಕೇಳದೆ ಊರು ಬಿಟ್ಟ. ಅವನು ಸದಾ ಯಾವುದೋ ಹಾಡಿಗೆ ಸಿಳ್ಳೆ ಹಾಕುತ್ತಿದ್ದುದರಿಂದ ಎಲ್ಲರೂ ಸಿಳ್ಳೆ ಎಂದೇ ಕರೆಯುತ್ತಿದ್ದರು. ನಮ್ಮ ಮನೆಯ ಕೆಳಗಿನ ಟೈಲರಮ್ಮ ಈ ಎರಡು ತುಂಡುಗಳನ್ನು ಜೋಡಿಸಿ ಹೊಲಿದೇಬಿಟ್ಟಳು. ಸಂಜೆಯೊಳಗೆ ಅದು ಬೀದಿಗೆಲ್ಲ ಹಿಡಿಸುವ ಅಂಗಿಯಾಗಿತ್ತು. ಭಾವನನ್ನು ಕೇಳಿದರೆ “ಬೆಳಗ್ಗೆ ನೋಡಿದಾಗ ಇರಲಿಲ್ಲ” ಎಂದನಷ್ಟೆ. ಅವನು ಬಾಯಿ ಬಿಡಲಿಲ್ಲ, ಬೀದಿ ಬಾಯಿ ಮುಚ್ಚಲಿಲ್ಲ. ಪೊಲೀಸರಿಗೆ ಹೇಳೋಣವೆಂದು ನಾನು ಅಂದಾಗ ತಡೆದವಳು ಅಮ್ಮ.

“ಓಡಿಹೋದೋಳನ್ನ ಹುಡುಕ್ಸಿ ಉಳಿದಿರೋ ಮಾನಾನೂ ಹರಾಜು ಹಾಕ್ತೀಯಾ?” ಎಂದಳು. ಗೋಡೆಯ ಮೇಲಿದ್ದ ಮದುವೆಯ ಫೋಟೋದಿಂದ ಹಿಡಿದು ಅಕ್ಕನ ಚಿತ್ರ ಎಲ್ಲೆಲ್ಲಿತ್ತೋ ಎಲ್ಲವನ್ನೂ ಬಚ್ಚಲ ಒಲೆಗೆ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: “ಇನ್ಮೇಲೆ ಅವಳು ಬಂದು ಬಾಗಿಲು ಬಡಿದ್ರೂ ತೆಗೀಬೇಡ. ತೆಗೆದ್ರೆ ನನ್ನ ಹೆಣ ನೋಡ್ತೀಯ.”

ನನ್ನನ್ನು ನೋಡಲು ಬಂದವರು ಹಿಂದೆ ಸರಿದ ಕಾರಣ ಇದು. ಅಕ್ಕ ಓಡಿಹೋದ ಮನೆಯ ತಂಗಿಯನ್ನು ಯಾರು ಮಾಡಿಕೊಳ್ಳುತ್ತಾರೆ? ನಾನು ಅಕ್ಕನನ್ನು ಮನಸಾರೆ ಶಪಿಸಿದೆ. ಎಲ್ಲಿದ್ದರೂ ಹಾಳಾಗಿ ಹೋಗಲಿ ಎಂದೆ. ಆಗ ಅವಳು ಎಲ್ಲಿದ್ದಳೆಂದು ತಿಳಿದ ಮೇಲೆ ಈ ಮಾತು ಗಂಟಲಲ್ಲಿ ಮುಳ್ಳಾಗಿ ನಿಂತಿದೆ, ಉಗುಳಲೂ ಆಗದು, ನುಂಗಲೂ ಆಗದು.

ಭಾವನನ್ನು ಕಂಡರೆ ಮಾತ್ರ ನಮಗೆಲ್ಲ ಅಯ್ಯೋ ಅನಿಸುತ್ತಿತ್ತು. ಮರುಮದುವೆಯಾಗಲಿಲ್ಲ, ನಮ್ಮನ್ನು ದೂರಲಿಲ್ಲ. ನಮ್ಮ ಮನೆಯ ಹೆಣ್ಣಿನಿಂದ ಕೆಟ್ಟವನೆಂಬ ಸಂಕೋಚಕ್ಕೇ ನಾನು ವಿಗ್ ಅಂಗಡಿ ಬಿಟ್ಟು ಅವನ ಕಾರ್ಖಾನೆ ಸೇರಿದೆ. ಭಾನುವಾರ ಮಧ್ಯಾಹ್ನ ಅವನ ಊಟ ನಮ್ಮಲ್ಲೇ. ಅಮ್ಮ ಅವನೆದುರು ನಿಂತು ಬಡಿಸುವಳು, ಮಗಳ ತಪ್ಪಿಗೆ ತುಪ್ಪ ಹಾಕಿ ಕ್ಷಮೆ ಕೇಳುವವಳ ಹಾಗೆ. ಅವನು ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದ. ಎಂಥ ಸಜ್ಜನ, ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು.

ಹೀಗೇ ವರ್ಷಗಳು ಉರುಳಿದ ಮೇಲೆ ಒಬ್ಬ ಸಿನಿಮಾ ನಿರ್ದೇಶಕ ಬಂದ. ಮನೆಯೊಳಗೂ ಕಪ್ಪು ಕನ್ನಡಕ ತೆಗೆಯದ ಮನುಷ್ಯ. ನಾವೆಲ್ಲ ಶಾಲೆಯಲ್ಲಿದ್ದಾಗ ಕದ್ದು ಓದಿ ಹೆದರಿದ್ದ ಆ ಹಳೆಯ ದೊಡ್ಡಮನೆಯ ಕಾದಂಬರಿಯನ್ನು ಅವನು ಸಿನಿಮಾ ಮಾಡುತ್ತಿದ್ದ. ದೊಡ್ಡಮನೆಯ ಯಜಮಾನ ಸತ್ತ ಹೆಂಡತಿಯನ್ನು ಮಣ್ಣು ಮಾಡದೆ, ನೆಲಮಾಳಿಗೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುತ್ತಾನೆ. ಕೇಳಿದವರಿಗೆ ತವರಿಗೆ ಹೋಗಿದ್ದಾಳೆ ಎನ್ನುತ್ತಾನೆ. ಎರಡನೆಯ ಹೆಂಡತಿ ಬರುತ್ತಾಳೆ, ಬೀಗದಕೈ ಹುಡುಕುತ್ತಾಳೆ, ಕೊನೆಗೆ ಮನೆಗೆ ಬೆಂಕಿ ಬೀಳುತ್ತದೆ. ಆ ಪೆಟ್ಟಿಗೆಯೊಳಗಿನ ಹೆಣ್ಣು ನಮ್ಮ ಪಾಲಿಗೆ ಬಂದಿತ್ತು.

ಭಾವ ಒಂದು ಮುಖ ಮಾಡಿದ. ನಿರ್ದೇಶಕ ನೋಡಿ ತಲೆಯಾಡಿಸಿದ. ಇನ್ನೊಂದು ಮಾಡಿದ. ಅದಕ್ಕೂ ಅದೇ.

“ಇವೆಲ್ಲ ನಿದ್ದೆ ಮಾಡ್ತಿವೆ ಸಾರ್. ಯಾರೋ ಕರೆದ್ರೆ ಎದ್ದು ಕಾಫಿ ಕೇಳೋ ಹಾಗಿವೆ. ಬದುಕಿರೋರ ಮುಖಕ್ಕೆ ಬಿಳಿ ಬಣ್ಣ ಬಳಿದ್ರೆ ಸಾವು ಆಗಲ್ಲ. ನಂಗೆ ಸಾವು ಬೇಕು,” ಎಂದ.

ನಿರ್ದೇಶಕ ಹೋದ ಮೇಲೆ ಭಾವ ಎರಡು ಮುಖಗಳನ್ನೂ ಬಟ್ಟೆ ಹೊದೆಸಿ ಮುಚ್ಚಿದ. ಆಮೇಲೆ ನನ್ನತ್ತ ನೋಡದೆ ಅಂದ: “ಆ ಕಾದಂಬರಿಯೋನು ವಾಸಿ. ಹೆಂಡತೀನ ಗಾಜಿನ ಪೆಟ್ಟಿಗೇಲಾದ್ರೂ ಇಟ್ಟಿದ್ದ.” ಹೆಂಡತಿ ಬಿಟ್ಟುಹೋದವನ ಸಂಕಟವೆಂದುಕೊಂಡೆ. ಸಮಾಧಾನ ಹೇಳಲು ನನಗೆ ಬರುವುದಿಲ್ಲ, ಚಹಾ ಮಾಡಿ ಕೊಟ್ಟೆ.

ಮುಂದಿನ ವಾರ ಅವನು ಒಳಗಿನ ಉಗ್ರಾಣದ ಬಾಗಿಲು ಹಾಕಿಕೊಂಡೇ ಕೆಲಸ ಮಾಡಿದ. ಬಟ್ಟೆ ಹೊದೆಸಿದ ತಲೆಯನ್ನು ತಂದು ನನ್ನ ಮೇಜಿನ ಮೇಲಿಟ್ಟ. “ಹುಬ್ಬಿನಿಂದ ಶುರು ಮಾಡು. ನಿಂಗೇ ಗೊತ್ತಾಗತ್ತೆ,” ಎಂದು ಹಿತ್ತಲ ಕಡೆ ಹೋದ. ಏನು ಗೊತ್ತಾಗುತ್ತದೆ ಎಂದು ನಾನು ಕೇಳಲಿಲ್ಲ, ಕೆಲಸದಲ್ಲಿ ಅವನು ಅರ್ಧಂಬರ್ಧ ಮಾತಾಡುವುದು ಹೊಸದೇನಲ್ಲ.

ಅಚ್ಚು ತೆಗೆಯುವಾಗ ಹುಬ್ಬಿಗೆ ಜಿಡ್ಡು ಹಚ್ಚಿ ಕೂದಲನ್ನು ಚರ್ಮಕ್ಕೆ ಅಂಟಿಸಿರುತ್ತಾರೆ, ಅದರ ಗೆರೆಗಳು ಸಿಲಿಕೋನಿನ ಮೇಲೂ ಮೂಡುತ್ತವೆ. ಆ ಗೆರೆ ಹಿಡಿದುಕೊಂಡೇ ನಾನು ಎಳೆ ಚುಚ್ಚುವುದು. ಎಡಹುಬ್ಬನ್ನು ಮಾತ್ರ ತೆರೆದುಕೊಂಡು ಮೂಗಿನ ಕಡೆಯಿಂದ ನೆಡುತ್ತಾ ಬಂದೆ. ನಡುವಿನವರೆಗೆ ನೆಟ್ಟಗೆ ಬಂದ ಗೆರೆಗಳು ತುದಿಯಲ್ಲಿ ಇದ್ದಕ್ಕಿದ್ದಂತೆ ಹಿಂದಕ್ಕೆ ತಿರುಗಿ ಸುತ್ತಿಕೊಂಡಿದ್ದವು. ಹುಬ್ಬಿನ ತುದಿಯಲ್ಲಿ ಸುಳಿ. ಕೈ ತನ್ನ ಪಾಡಿಗೆ ನೆಡುತ್ತಲೇ ಇತ್ತು. ಸುಳಿ ಪೂರ್ತಿಯಾದ ಮೇಲೆ ಸೂಜಿ ನಿಂತಿತು.

ಶಾಲೆಗೆ ಹೊರಡುವ ಮುಂಚೆ ಅಮ್ಮ ಅಕ್ಕನನ್ನು ಮುಂದೆ ಕೂರಿಸಿಕೊಂಡು, ಹೆಬ್ಬೆರಳಿಗೆ ಎಣ್ಣೆ ಮುಟ್ಟಿಸಿ ಆ ಸುಳಿಯನ್ನು ಒತ್ತಿ ಮಲಗಿಸುತ್ತಿದ್ದಳು. ಬೀದಿ ತಿರುಗುವುದರೊಳಗೆ ಅದು ಮತ್ತೆ ಎದ್ದು ನಿಂತಿರುತ್ತಿತ್ತು. ಅಂಥ ಸುಳಿ ಲೋಕದಲ್ಲಿ ಇನ್ನೊಬ್ಬರಿಗಿದ್ದರೂ ಇರಬಹುದು. ನಾನು ಬಟ್ಟೆ ಎತ್ತಿದೆ.

ಅಕ್ಕ ಇದ್ದಳು.

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಪ್ರಯೋಗಕ್ಕೆ ಕೂತಾಗ ತೆಗೆದ ಹಳೆಯ ಅಚ್ಚನ್ನು ಈ ಮಹರಾಯ ಜೋಪಾನ ಮಾಡಿಟ್ಟುಕೊಂಡಿದ್ದಾನೆ, ಅಪ್ಪಣೆ ಕೇಳದೆ ನನ್ನ ಕೈಯಿಂದಲೇ ಅವಳಿಗೆ ಹುಬ್ಬು ನೆಡಿಸುತ್ತಿದ್ದಾನೆ ಅಂದುಕೊಂಡೆ. ನಮ್ಮನ್ನು ಬೀದಿಗೆ ತಂದವಳ ಮುಖವನ್ನು ಕೆನ್ನೆಗೆ ಹೊಡೆಯುವಷ್ಟು ಹತ್ತಿರದಿಂದ ನೋಡಿದೆ. ಆಗ ಕಣ್ಣು ಮೂಗಿನ ಮೇಲೆ ಹೋಯಿತು.

ಹೊಳ್ಳೆಗಳು ದುಂಡಗಿರಲಿಲ್ಲ. ಭಾವನ ಕೈಯ ಬಟಾಣಿ ಹೊಳ್ಳೆಗಳಲ್ಲ, ಅಕ್ಕನವೇ, ಸಣ್ಣಗೆ ಉದ್ದಕ್ಕೆ ಇದ್ದವು. ಒಳಗಿನ ಅಂಚು, ಅಂಚಿನಾಚೆಯ ನುಣುಪು, ಅಲ್ಲಿನ ನವಿರು ಕೂದಲಿನ ಗುರುತು ಕೂಡ ಇತ್ತು. ತುಟಿ ಕೊಂಚ ತೆರೆದಿತ್ತು, ನಡುವೆ ಹಲ್ಲಿನ ಅಂಚು ಅಚ್ಚಾಗಿತ್ತು. ಇದನ್ನು ಯಾರೂ ತಿದ್ದಿ ಮಾಡಿದ್ದಲ್ಲ. ಲೇಪ ತಾನಾಗಿ ಒಳಗೆ ಹೋಗಿ ತೆಗೆದುಕೊಂಡು ಬಂದದ್ದು. ಉಸಿರಾಡುವವರ ಮೂಗಿನೊಳಗೆ ಲೇಪ ಅಷ್ಟು ದೂರ ಹೋಗುವುದಿಲ್ಲ. ಹೋದರೆ ಅವರು ಉಸಿರಾಡುವುದಿಲ್ಲ.

ನಾನು ಎದ್ದು ಹಿತ್ತಲಿಗೆ ಹೋದೆ. ಭಾವ ನಲ್ಲಿಯ ಹತ್ತಿರ ಕೂತು ಬೋಗುಣಿ ಉಜ್ಜುತ್ತಿದ್ದ. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

“ಭಾವ, ಆ ಮೂಗು ನೀವು ಮಾಡಿದ್ದಲ್ಲ,” ಎಂದೆ.

“ಅಲ್ಲ,” ಎಂದ. ಸ್ವಲ್ಪ ಹೊತ್ತು ಉಜ್ಜಿದ. “ತಿದ್ದೋಣ ಅಂತ ಕೂತೆ. ದುಂಡಗೆ ಮಾಡಿಬಿಟ್ಟಿದ್ರೆ ನಿಂಗೆ ಗೊತ್ತಾಗ್ತಿರ್ಲಿಲ್ಲ. ಕೈ ಬರಲಿಲ್ಲ.”

“ಹೇಳು,” ಎಂದೆ. ನನ್ನ ಬಾಯಿಂದ ಅವನಿಗೆ ಏಕವಚನ ಬಂದದ್ದು ಅದೇ ಮೊದಲು. ಅವನು ಅದಕ್ಕೇ ಕಾದಿದ್ದವನಂತೆ ಹೇಳಿದ.

ಆ ಬೆಳಗ್ಗೆ ಸಿಳ್ಳೆ ಬರಲಿಲ್ಲ. ಅವನಿಗೆ ಬೇರೆ ಊರಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು, ಹೇಳಿದರೆ ಬಿಡುವುದಿಲ್ಲವೆಂದು ಹೇಳದೆ ಹೋಗಿದ್ದ. ಅದು ಭಾವನಿಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಅಷ್ಟೇ ಸಂಗತಿ. ಎದೆಯವರೆಗಿನ ಅಚ್ಚೊಂದು ಅಂದೇ ಆಗಬೇಕಿತ್ತು. “ನಾನು ಕೂತ್ಕೋತೀನಿ, ನೀವೊಬ್ರೇ ಮಾಡಿ, ಏನೂ ಆಗಲ್ಲ,” ಎಂದಳಂತೆ ಅಕ್ಕ. ಕೈಗಳನ್ನು ಎದೆಯ ಮೇಲೆ ಮಡಿಸಿಕೊಂಡು ಕೂತಳು. ಇವನು ಮುಖ ಮುಗಿಸಿ, ಅವಳ ಬೆನ್ನ ಹಿಂದೆ ಹೋಗಿ ಭುಜಕ್ಕೆ ಪ್ಲಾಸ್ಟರ್ ಬಟ್ಟೆ ಸುತ್ತುತ್ತಿದ್ದ. ಲೇಪ ಅಂದು ತೆಳುವಾಗಿ ಕಲಸಿಬಿಟ್ಟಿದ್ದ, ಹಣೆಯಿಂದ ಜಾರಿ ಬಂದು ಕಿಂಡಿ ಮುಚ್ಚಿತು. ಕಿಂಡಿ ಕಾಯುವವರು ಯಾರೂ ಇರಲಿಲ್ಲ.

“ಬಡಿದ್ಲು,” ಎಂದ. “ಯಾವಾಗ್ಲೂ ಬಡಿಯೋ ಹಾಗೇ ಬಡಿದ್ಲು. ಸುಮ್ನಿರೇ, ಇವತ್ತು ನಿನ್ನ ಆಟ ನಡೆಯಲ್ಲ ಅಂದೆ. ಇನ್ನೂ ಜೋರಾಗಿ ಬಡಿದ್ಲು. ನಾನು ಪಟ್ಟಿ ಸುತ್ತಾನೇ ಇದ್ದೆ. ಆಮೇಲೆ ಬಡಿಯೋದು ನಿಲ್ಲಿಸಿದ್ಲು. ನೋಡು, ಬುದ್ಧಿ ಬಂತು ಅಂತ ಹೇಳ್ದೆ ಕೂಡ.”

ಅವನು ಅಳಲಿಲ್ಲ. ಅತ್ತಿದ್ದರೆ ಬೋಗುಣಿಯಿಂದಲೇ ಬಾರಿಸುತ್ತಿದ್ದೆನೋ ಏನೋ.

ಇನ್ನೊಂದು ಪ್ರಶ್ನೆ ನನ್ನೊಳಗೆ ಹುಳದಂತೆ ಕೊರೆಯುತ್ತಿತ್ತು. ಆ ಲೇಪ ಒಂದು ದಿನವೂ ತಡೆಯುವುದಿಲ್ಲ, ಒಣಗಿ ಸುರುಟಿಕೊಂಡುಬಿಡುತ್ತದೆ. ಅದರೊಳಗೆ ಆಗಲೇ ಪ್ಲಾಸ್ಟರ್ ಸುರಿದರೆ ಮಾತ್ರ ಮುಖ ಉಳಿಯುತ್ತದೆ. “ಅವಳು ಪಕ್ಕದಲ್ಲಿ ಬಿದ್ದಿರೋವಾಗ್ಲೇ ಸುರಿದ್ಯಾ?” ಎಂದು ಕೇಳಿದೆ.

“ಸುರಿದೆ.”

“ಯಾಕೆ?”

“ಬೇರೆ ಏನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ,” ಎಂದ. “ಅಚ್ಚಾದ್ಮೇಲೆ ಸುರೀಬೇಕು, ಸುರಿದೆ. ಆಮೇಲೆ ಒಡೆಯೋಕೆ ಕೈ ಏಳ್ಲಿಲ್ಲ. ಅತ್ತೆ ಫೋಟೋ ಎಲ್ಲ ಸುಟ್ಟಿದ್ರು. ಅವಳದ್ದು ಅಂತ ಇದೊಂದೇ ಉಳಿದಿತ್ತು.”

“ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಸಂಜೆ ಪೊಲೀಸರ ಹತ್ರ ಹೋಗೋಣ ಅಂತ ಚಪ್ಪಲಿ ಮೆಟ್ಟಿದ್ದೆ. ಬೀದಿಗೆ ಬಂದೆ. ಆಗ್ಲೇ ಎಲ್ಲರೂ ನನ್ನ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಮಾಡೋಕೆ ಶುರು ಮಾಡಿದ್ರು. ಅವಳು ಓಡಿಹೋದ್ಲು ಅಂತ ನಾನು ಇವತ್ತಿನವರೆಗೂ ಒಂದು ಸಲಾನೂ ಹೇಳಿಲ್ಲ.”

ಅದು ನಿಜ. ಬೆಳಗ್ಗೆ ಇರಲಿಲ್ಲ ಎಂದದ್ದೊಂದು ಬಿಟ್ಟರೆ ಅವನು ಏನೂ ಹೇಳಿರಲಿಲ್ಲ. ನಾವು ಹೇಳಿಕೊಂಡೆವು, ಅವನು ಪ್ರತಿ ಭಾನುವಾರ ಬಂದು ಅದರ ಮೇಲೆ ಊಟ ಮಾಡಿ ಹೋದ.

“ಎಲ್ಲಿದ್ದಾಳೆ?” ಎಂದೆ.

ಅವನು ಹಿತ್ತಲ ಗೋಡೆಯ ಮೂಲೆಯತ್ತ ನೋಡಿದ. ಒಡೆದ ಅಚ್ಚುಗಳನ್ನು ಎಸೆಯಲು ಹಿಂದೆ ಅಲ್ಲೊಂದು ಗುಂಡಿ ಇತ್ತು. ಅದು ತುಂಬಿತೆಂದು ಹೇಳಿ ಮೇಲೆ ಸಿಮೆಂಟಿನ ಕಟ್ಟೆ ಹಾಕಿಸಿದ್ದ. ನೆರಳಿರುತ್ತದೆಂದು ನಾನು ದಿನಾ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂರುತ್ತಿದ್ದ ಕಟ್ಟೆ ಅದು. ಅವನು ಒಂದು ದಿನವೂ ಅಲ್ಲಿ ಕೂತದ್ದನ್ನು ನಾನು ನೋಡಿಲ್ಲ.

ನಾನು ಒಳಗೆ ಹೋಗಿ, ತಲೆಯನ್ನು ವಿಗ್ ಇಡುವ ಪೆಟ್ಟಿಗೆಯಲ್ಲಿಟ್ಟೆ. ಇನ್ನೊಂದು ಹುಬ್ಬು ನೆಟ್ಟಿರಲಿಲ್ಲ, ತಲೆಗೂದಲೂ ಇರಲಿಲ್ಲ. “ನಡಿ. ಅಮ್ಮನಿಗೆ ನೀನೇ ಹೇಳ್ಬೇಕು,” ಎಂದೆ. ಅವನು ಕೈ ಒರೆಸಿಕೊಂಡು ಹಿಂದೆ ಬಂದ. ಓಡಿಹೋಗುವ ಗಂಡಸಲ್ಲ ಅವನು. ಓಡಿಹೋಗುವಷ್ಟು ಧೈರ್ಯವಿದ್ದಿದ್ದರೆ ಅಂದೇ ಅಚ್ಚು ಕಿತ್ತ ಕೈಯಲ್ಲೇ ಬೀದಿಗೆ ಓಡಿ ಜನರನ್ನು ಕೂಗುತ್ತಿದ್ದ.

ಭಾನುವಾರವಲ್ಲದ ದಿನ ಅಳಿಯನನ್ನು ಕಂಡು ಅಮ್ಮನಿಗೆ ಗಡಿಬಿಡಿ. “ಅಯ್ಯೋ, ಬನ್ನಿ ಬನ್ನಿ, ಒಂದು ಮಾತು ಹೇಳಿ ಕಳ್ಸಬಾರ್ದಾ? ಕೈ ತೊಳ್ಕೊಳ್ಳಿ,” ಎಂದು ತಟ್ಟೆ ಇಟ್ಟು ಅನ್ನ ಬಡಿಸಿಯೇಬಿಟ್ಟಳು. ನಾನು ತಟ್ಟೆಯ ಪಕ್ಕದಲ್ಲಿ ಪೆಟ್ಟಿಗೆ ಇಟ್ಟು ಮುಚ್ಚಳ ತೆಗೆದೆ.

ಅಮ್ಮ ಬಗ್ಗಿ ನೋಡಿದಳು. ಮುಖ ಕಲ್ಲಾಯಿತು. “ಇದನ್ಯಾಕೆ ಮನೆಯೊಳಗೆ ತಂದೆ?” ಎಂದಳು. “ಅಳಿಯಂದ್ರ ಎದುರಿಗೆ ಹೊಟ್ಟೆ ಉರಿಸ್ತೀಯಾ?”

“ಅಮ್ಮ, ಅಕ್ಕ ಓಡಿಹೋಗಿಲ್ಲ. ಇವನನ್ನ ಕೇಳು.”

ಅವನು ನಿಂತುಕೊಂಡೇ ಹೇಳಿದ. ಸಿಳ್ಳೆ ಬರಲಿಲ್ಲ ಎಂಬಲ್ಲಿಂದ ಗುಂಡಿಯವರೆಗೆ, ನನಗೆ ಹೇಳಿದ್ದನ್ನೇ, ಅದೇ ಮಾತುಗಳಲ್ಲಿ ಹೇಳಿದ. ಎಷ್ಟು ವರ್ಷದಿಂದ ಬಾಯಿಪಾಠ ಮಾಡಿಕೊಂಡಿದ್ದನೋ. ಅಮ್ಮನ ಕೈಯಲ್ಲಿ ಸೌಟು ಹಾಗೇ ಇತ್ತು. ಕೇಳುತ್ತ ಕೇಳುತ್ತ ಅವಳು ಅದನ್ನು ಪಾತ್ರೆಯಲ್ಲಿಟ್ಟು, ಸೆರಗಿಗೆ ಬೆರಳು ಒರೆಸಿಕೊಂಡು, ಹೆಬ್ಬೆರಳಿನಿಂದ ಅಕ್ಕನ ಎಡಹುಬ್ಬಿನ ತುದಿಯನ್ನು ಒತ್ತಿದಳು. ಎಳೆಗಳು ಮಲಗಿ ಮತ್ತೆ ಎದ್ದವು. ಇನ್ನೊಮ್ಮೆ ಒತ್ತಿದಳು. ನಾನು ನೆಟ್ಟದ್ದೇ ಹಾಗೆ, ಅವು ಮಲಗುವಂತಿರಲಿಲ್ಲ.

“ಬಡಿದ್ಲಾ?” ಎಂದಳು.

“ಬಡಿದ್ಲು, ಅತ್ತೆ.”

“ತುಂಬ ಹೊತ್ತು ಬಡಿದ್ಲಾ?”

“ತಮಾಷೆ ಅಂದ್ಕೊಂಡೆ,” ಎಂದ.

ಅಮ್ಮ ಅವನಿಗೆ ಬೈಯಲಿಲ್ಲ. ಶಾಪ ಹಾಕಲಿಲ್ಲ. ನಮ್ಮ ಮನೆಯ ಬಾಗಿಲನ್ನೇ ನೋಡುತ್ತಾ ನಿಂತಿದ್ದಳು. ನನಗೆ ಆ ನೋಟ ಸಹಿಸಲಾಗದೆ ಅವಳ ತೋಳು ಹಿಡಿದೆ.

“ಅವಳು ಬಂದು ಬಾಗಿಲು ಬಡಿದಿದ್ರೆ ನಾನೂ ತೆಗೀತಿರ್ಲಿಲ್ಲ ಕಣೇ,” ಎಂದಳು.

ಆಮೇಲೆ ಅವನ ಮುಂದಿನ ತಟ್ಟೆ ತೆಗೆದುಕೊಂಡು ಹೋಗಿ ಕಸದ ಬುಟ್ಟಿಗೆ ಹಾಕಿದಳು, ಅನ್ನವನ್ನಲ್ಲ, ತಟ್ಟೆಯನ್ನೇ.

ಪೊಲೀಸರಿಗೆ ಫೋನು ಮಾಡಿದವಳು ನಾನು. ಅವರು ಬರುವವರೆಗೂ ಅವನು ಮೆಟ್ಟಿಲ ಮೇಲೆ ಕೂತಿದ್ದ. ಕಟ್ಟೆ ಒಡೆಸಿದ್ದು, ಸಿಕ್ಕಿದ್ದು, ಕೋರ್ಟು ಕಚೇರಿ, ಅದೆಲ್ಲ ಪೇಪರಿನಲ್ಲಿ ಬಂದದ್ದೇ. ಸಿನಿಮಾವೂ ಬಂತು. ಪೆಟ್ಟಿಗೆಯೊಳಗಿನ ಹೆಂಗಸನ್ನು ಬೇರೆ ಯಾರೋ ಮಾಡಿಕೊಟ್ಟರಂತೆ, ನಿದ್ದೆ ಮಾಡುವ ಹಾಗೇ ಇದ್ದಳಂತೆ, ಜನ ಆದರೂ ಹೆದರಿ ಕಿರುಚಿದರಂತೆ. ಅದಕ್ಕೂ ಮುಂಚೆ ನಿರ್ದೇಶಕ ಒಮ್ಮೆ ಫೋನು ಮಾಡಿ, ಪೊಲೀಸರು ಒಯ್ದ ಆ ಮುಖ ಯಾವಾಗ ವಾಪಸ್ ಸಿಗಬಹುದೆಂದು ಕೇಳಿದ್ದ. ನಾನು ಅವನಿಗೆ ಏನು ಹೇಳಿದೆನೆಂಬುದನ್ನು ಬರೆಯುವ ಹಾಗಿಲ್ಲ.

ಆದರೆ ಭಾವನನ್ನು ಕರೆದುಕೊಂಡು ಹೋದ ಆ ಸಂಜೆಯದೊಂದು ಮಾತಿದೆ. ಅಮ್ಮ ಗೋಡೆಗೊರಗಿ ಕೂತಿದ್ದಳು. ಅಕ್ಕನ ಹೆಸರು ಹಿಡಿದು ಕರೆದಳು, ಎಷ್ಟೋ ವರ್ಷಗಳ ಮೇಲೆ. ಇನ್ನೊಂದು ಸಲ ಕರೆದಳು. ಆಮೇಲೆ ಅವಳ ಮುಖದಲ್ಲಿ ಏನೋ ಕಂಡಿತು. ಹೇಳಲು ನಾಚಿಕೆಯಾಗುತ್ತದೆ, ಅದು ಸಂತೋಷ. ಸತ್ತ ಮಗಳು ಮನೆಗೆ ಬಂದಿದ್ದಳು, ಮಾನವಂತಳಾಗಿ.

“ಲೇ, ಕೆಳಗಡೆ ಹೋಗು,” ಎಂದಳು. “ಮೊದ್ಲು ಆ ಟೈಲರಮ್ಮನಿಗೆ ಹೇಳಿ ಬಾ. ನನ್ನ ಮಗಳು ಎಲ್ಲಿಗೂ ಹೋಗಿರ್ಲಿಲ್ಲ ಅಂತ ಹೇಳು.”

ನಾನು ಇಳಿದು ಹೋದೆ. ಅವಳ ಬಾಗಿಲು ಹಾಕಿತ್ತು, ಒಳಗೆ ಹೊಲಿಗೆ ಯಂತ್ರ ಓಡುವ ಸದ್ದು. ಕೈ ಎತ್ತಿದವಳು ಸುಮಾರು ಹೊತ್ತು ಹಾಗೇ ನಿಂತಿದ್ದೆ. ಕೊನೆಗೆ ಮೆಲ್ಲಗೆ, ಬೆರಳ ಗೆಣ್ಣಿನಿಂದ ಒಂದೇ ಒಂದು ಸಲ ಬಡಿದೆ.

ಯಂತ್ರ ನಿಂತಿತು. “ಯಾರದು? ಬಂದೆ, ಬಂದೆ,” ಎನ್ನುತ್ತಾ ಅವಳು ಓಡಿ ಬಂದು ಬಾಗಿಲು ತೆಗೆದಳು.